ಡೇಟಿಂಗ್‌ಗಿಂತ ಮೊದಲೇ ಬಂತು ಅದರ ಅಣಕ!

ನಾಲ್ವರು ಗೆಳೆಯರು, ಒಂದು ಮೊಬೈಲು, ಕಡ ತಂದ ಮೈಕು. ಇಷ್ಟಿದ್ದರೆ ಸಾಕು, ಪ್ರೇಮಿಗಳನ್ನು ಗೇಲಿ ಮಾಡುವ ವೆಬ್ ಸರಣಿ ರೆಡಿ. ಬೆಂಗಳೂರು, ಹೈದರಾಬಾದು, ಮುಂಬೈಗಳಲ್ಲಿ ಹುಟ್ಟಿದ ಈ ನಗೆ ಇವತ್ತು ಆಂಧ್ರದ ಪಶ್ಚಿಮ ಕರ್ನೂಲಿನ ಗಡಿ ಹಳ್ಳಿಗಳ ಜೇಬಿನಲ್ಲೂ ಇದೆ. ತಮಾಷೆ ಏನೆಂದರೆ, ಅಲ್ಲಿಗೆ ಡೇಟಿಂಗ್ ಇನ್ನೂ ಸರಿಯಾಗಿ ಕಾಲಿಟ್ಟಿಲ್ಲ!

ಬೆಳಗಿನ ಎಂಟು ಗಂಟೆ ಎಂದಿಟ್ಟುಕೊಳ್ಳಿ. ಊರು ದೇವನಕೊಂಡ. ರಸ್ತೆ ಬದಿಯ ಟಿಫನ್ ಹೋಟೆಲಿನ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಚೊರ್ ಎನ್ನುತ್ತಿದೆ. ಬೆಂಚಿನ ಮೇಲೆ ಕುಳಿತ ಮೂವರು ಹುಡುಗರ ಮುಂದೆ ಒಗ್ಗಾಣಿ ತಣ್ಣಗಾಗಿದೆ. ಅವರ ಕಣ್ಣೆಲ್ಲ ನೀರಿನ ಜಗ್ಗಿಗೆ ಒರಗಿಸಿಟ್ಟ ಮೊಬೈಲಿನ ಮೇಲೆ.

ತೆರೆಯ ಮೇಲೆ ಬೆಂಗಳೂರಿನ ಕೆಫೆ. ಹುಡುಗಿ ಮೆನುವಿನ ಎಡಗಡೆ ನೋಡುತ್ತಾಳೆ, ಹುಡುಗ ಬಲಗಡೆಯ ಬೆಲೆ ನೋಡುತ್ತಾನೆ. ‘ನಿನ್ನ ಲವ್ ಲ್ಯಾಂಗ್ವೇಜ್ ಯಾವ್ದು?’ ಅಂತ ಅವಳು ಕೇಳಿದರೆ, ‘ಕನ್ನಡ. ತೆಲುಗೂ ಅರ್ಥ ಆಗುತ್ತೆ’ ಅಂತ ಇವನು. ಬೆಂಚು ಗೊಳ್ ಎನ್ನುತ್ತದೆ.

ಹೀಗೆ ನಗುವ ಹುಡುಗರಲ್ಲಿ ಹೆಚ್ಚಿನವರು ಡೇಟಿಂಗ್‌ಗೆ ಹೋದವರಲ್ಲ. ಊರಲ್ಲಿ ಹುಡುಗಿಯ ಜತೆ ಕೂತು ಟೀ ಕುಡಿದರೆ ಟೀ ಆರುವ ಮೊದಲೇ ಸುದ್ದಿ ಮನೆ ಮುಟ್ಟುವ ಸೀಮೆ ಅದು. ಆದರೂ ಜೋಕು ಒಂದಕ್ಷರ ತಪ್ಪದೆ ಅರ್ಥವಾಗುತ್ತದೆ. ಬ್ರೇಕಪ್ಪು, ಬ್ಲಾಕು, ‘ನೀನು ಒಳ್ಳೆ ಫ್ರೆಂಡ್ ಅಷ್ಟೇ’ ಎಲ್ಲವೂ ಬಾಯಿಪಾಠ.

ಸಾಮಾನ್ಯವಾಗಿ ಮೊದಲು ಮೂಲ ಬರುತ್ತದೆ, ಆಮೇಲೆ ಅದರ ಅಣಕ. ರಾಜಕುಮಾರ್ ಬಂದ ಮೇಲೆ ತಾನೇ ಅವರ ಮಿಮಿಕ್ರಿ ಮಾಡುವವರು ಬಂದದ್ದು? ಗಡಿನಾಡಿನ ಹಳ್ಳಿಗಳಲ್ಲಿ ಈ ಸಾಲು ತಿರುಗುಮುರುಗಾಗಿದೆ. ಡೇಟಿಂಗ್ ಎಂದರೇನೆಂದು ಅಲ್ಲಿನ ಹುಡುಗ ಹುಡುಗಿಯರು ಕಲಿತದ್ದೇ ಅದನ್ನು ಗೇಲಿ ಮಾಡುವ ವೆಬ್ ಸರಣಿ, ರೀಲುಗಳಿಂದ.

ಪ್ರೇಮಿಗಳ ದಿನ ಹುಟ್ಟಿದ ಕೂಸು

ಈ ನಗೆಗೆ ಮನೆ ಕೊಟ್ಟ ಯೂಟ್ಯೂಬಿನ ಜಾತಕ ತೆಗೆದರೆ ಇನ್ನೊಂದು ತಮಾಷೆ ಕಾಣುತ್ತದೆ. ಅದರ ಹೆಸರು ನೋಂದಣಿಯಾದದ್ದು 2005ರ ಫೆಬ್ರವರಿ 14ರಂದು, ಅಂದರೆ ಪ್ರೇಮಿಗಳ ದಿನ. ಚಾಡ್ ಹರ್ಲಿ, ಸ್ಟೀವ್ ಚೆನ್, ಜಾವೇದ್ ಕರೀಮ್ ಎಂಬ ಮೂವರು ಗೆಳೆಯರು ಶುರು ಮಾಡಲು ಹೊರಟದ್ದು ಡೇಟಿಂಗ್ ತಾಣವನ್ನು!

ಹುಡುಗ ಹುಡುಗಿಯರು ತಮ್ಮ ಬಗ್ಗೆ ವಿಡಿಯೊ ಮಾಡಿ ಹಾಕುತ್ತಾರೆ, ಜೋಡಿ ಕೂಡುತ್ತದೆ ಎಂಬುದು ಅವರ ಲೆಕ್ಕ. ಯಾರೂ ಬರಲಿಲ್ಲ. ವಿಡಿಯೊ ಹಾಕುವ ಹೆಣ್ಣುಮಕ್ಕಳಿಗೆ ದುಡ್ಡು ಕೊಡುತ್ತೇವೆಂದು ಜಾಹೀರಾತು ಕೊಟ್ಟರೂ ಬರಲಿಲ್ಲ. ಕೊನೆಗೆ ‘ಏನಾದರೂ ಹಾಕಿಕೊಳ್ಳಿ’ ಎಂದು ಬಾಗಿಲು ತೆರೆದಿಟ್ಟರು. ಏಪ್ರಿಲ್ 23ರಂದು ಮೊದಲ ವಿಡಿಯೊ ಬಂತು. ಮೃಗಾಲಯದ ಆನೆಗಳ ಮುಂದೆ ನಿಂತು ಕರೀಮ್ ಆಡಿದ 19 ಸೆಕೆಂಡಿನ ಮಾತು ಅದು.

ಡೇಟಿಂಗ್‌ನಲ್ಲಿ ಸೋತ ತಾಣ ಮುಂದೆ ಡೇಟಿಂಗ್‌ನಲ್ಲಿ ಸೋತವರ ಕಥೆಗಳಿಗೆ ತವರಾಯಿತು. ಮರುವರ್ಷವೇ ಗೂಗಲ್ 165 ಕೋಟಿ ಡಾಲರಿಗೆ ಅದನ್ನು ಕೊಂಡುಕೊಂಡಿತು. ಸೋತ ಪ್ರೇಮಕ್ಕೆ ಇಷ್ಟು ಪರಿಹಾರ ಇನ್ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ವಾಹಿನಿಗೆ ಬೇಡವಾದದ್ದು ಜನಕ್ಕೆ ಬೇಕಾಯಿತು

ಭಾರತದಲ್ಲಿ ಈ ಬಗೆಯ ಹಾಸ್ಯಕ್ಕೆ ದಾರಿ ಕಡಿದವರು ಐಐಟಿ ಖರಗ್‌ಪುರದಲ್ಲಿ ಓದಿದ ಅರುಣಾಭ್ ಕುಮಾರ್ ಮತ್ತು ಅವರ ಟಿವಿಎಫ್ ತಂಡ. ಟಿ.ವಿ. ವಾಹಿನಿ ಅವರ ಸ್ಕ್ರಿಪ್ಟನ್ನು ಒಲ್ಲೆ ಎಂದಿತು. ತಂಡ ಮುನಿಸಿಕೊಂಡು ಮನೆಗೆ ಹೋಗಲಿಲ್ಲ, ಯೂಟ್ಯೂಬಿಗೆ ಹೋಯಿತು. 2012ರಲ್ಲಿ ಎಂಟಿವಿಯ ‘ರೋಡೀಸ್’ ಕಾರ್ಯಕ್ರಮವನ್ನೇ ಅಣಕಿಸಿದ ‘ರೌಡೀಸ್’ ವಿಡಿಯೊ ದೇಶದ ಹಾಸ್ಟೆಲು ಹಾಸ್ಟೆಲುಗಳಲ್ಲಿ ಓಡಿತು.

2014ರ ಅಕ್ಟೋಬರಿನಲ್ಲಿ ಇದೇ ತಂಡದ ‘ಪರ್ಮನೆಂಟ್ ರೂಮ್‌ಮೇಟ್ಸ್’ ಬಂತು. ಮೂರು ವರ್ಷ ದೂರದಿಂದಲೇ ಪ್ರೀತಿಸಿದ ಮಿಕೇಶ್ ಎಂಬ ಹುಡುಗ ಅಮೆರಿಕದಿಂದ ದಿಢೀರನೆ ಬಂದಿಳಿದು ‘ಮದುವೆ ಆಗೋಣ’ ಎನ್ನುತ್ತಾನೆ. ತಾನ್ಯಾಗೆ ಗಾಬರಿ. ಪ್ರೀತಿ ಇದೆ, ಆದರೆ ಮದುವೆ? ಇಷ್ಟೇ ಕಥೆ. ಮರ ಸುತ್ತಿ ಹಾಡುವ ಪ್ರೇಮವನ್ನೇ ನೋಡಿದ್ದ ಕಣ್ಣಿಗೆ, ಹಾಸಿಗೆ ಮಡಚುತ್ತಾ ಜಗಳವಾಡುವ ಪ್ರೇಮ ಹೊಸದಾಗಿ ಕಂಡಿತು.

ಸರಣಿಗೆ ದುಡ್ಡು ಹಾಕಿದ್ದು ಬೆಂಗಳೂರಿನ ಕಾಮನ್‌ಫ್ಲೋರ್ ಎಂಬ ಬಾಡಿಗೆ ಮನೆ ಹುಡುಕಿಕೊಡುವ ಕಂಪನಿ. ಜೋಡಿ ಒಟ್ಟಿಗೆ ಇರಬೇಕೆಂದರೆ ಮನೆ ಬೇಕಲ್ಲ! ಜಾಹೀರಾತನ್ನು ಕಥೆಯ ನಡುವೆ ತುರುಕುವ ಬದಲು ಕಥೆಯೊಳಗೇ ನೆಯ್ಯುವ ಜಾಣತನ ಅಲ್ಲಿಂದ ರೂಢಿಗೆ ಬಂತು.

ದಕ್ಷಿಣಕ್ಕೆ ಈ ಗಾಳಿ ಬೀಸಿದ್ದು 2016ರಲ್ಲಿ. ಆರ್‌ಜೆ ಪ್ರದೀಪ ಅವರ ಸಕ್ಕತ್ ಸ್ಟುಡಿಯೋ ಆ ವರ್ಷ ಹೊರತಂದ ‘ಲೂಸ್ ಕನೆಕ್ಷನ್’ ಅನ್ನು ಕನ್ನಡದ ಮೊದಲ ವೆಬ್ ಸರಣಿ ಎನ್ನುತ್ತಾರೆ. ‘ಎಕ್ಸ್‌ಕ್ಯೂಸ್ ಮಿ’ ಖ್ಯಾತಿಯ ಸುನಿಲ್ ರಾವ್ ನಟನೆಗೆ ಮರಳಿದ್ದು ಇದರಲ್ಲೇ. ಅದೇ ವರ್ಷ ತೆಲುಗಿನಲ್ಲಿ ನಿಹಾರಿಕಾ ಕೊಣಿದೆಲ ತಾವೇ ನಿರ್ಮಿಸಿ ನಟಿಸಿದ ‘ಮುದ್ದಪಪ್ಪು ಆವಕಾಯ್’ ಬಂತು. ಹೆಸರೇ ಹೇಳುವ ಹಾಗೆ ತೊವ್ವೆ–ಉಪ್ಪಿನಕಾಯಿ ಜೋಡಿ.

ಸರಣಿಗಳೇನೋ ಬಂದವು. ಆದರೆ ಪಶ್ಚಿಮ ಕರ್ನೂಲಿಗೆ ಅವನ್ನು ತಲುಪಿಸಿದ್ದು ಕಲೆಯಲ್ಲ, ಸಿಮ್ ಕಾರ್ಡು. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು. 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಇದ್ದ ಡೇಟಾ ದರ 2018ರ ಹೊತ್ತಿಗೆ 12 ರೂಪಾಯಿಗಿಂತ ಕೆಳಗಿಳಿಯಿತು ಎಂಬುದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಲೆಕ್ಕ. ಅಲ್ಲಿಯವರೆಗೆ ಬ್ಲೂಟೂತ್‌ನಲ್ಲಿ ಹಾಡು ಹಂಚಿಕೊಳ್ಳುತ್ತಿದ್ದ ಹುಡುಗರು ಒಂದೇ ರಾತ್ರಿಯಲ್ಲಿ ಇಡೀ ಸರಣಿ ನೋಡಿ ಮುಗಿಸತೊಡಗಿದರು.

> ಚೌಕಟ್ಟು: ನಗೆಯ ಹೆಜ್ಜೆ ಗುರುತು
>
> 1887: ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’
>
> 1892: ಗುರಜಾಡ ಅಪ್ಪಾರಾವ್ ಅವರ ತೆಲುಗು ನಾಟಕ ‘ಕನ್ಯಾಶುಲ್ಕಂ’ ಮೊದಲ ಪ್ರದರ್ಶನ
>
> 2005: ಡೇಟಿಂಗ್ ತಾಣವಾಗಲು ಹೊರಟ ಯೂಟ್ಯೂಬ್ ವಿಡಿಯೊ ತಾಣವಾಯಿತು
>
> 2012: ಎಡಕ್ಕೋ ಬಲಕ್ಕೋ ಬೆರಳಾಡಿಸಿ ಜೋಡಿ ಆರಿಸುವ ಟಿಂಡರ್ ಆರಂಭ
>
> 2014: ‘ಪರ್ಮನೆಂಟ್ ರೂಮ್‌ಮೇಟ್ಸ್’
>
> 2016: ‘ಲೂಸ್ ಕನೆಕ್ಷನ್’, ‘ಮುದ್ದಪಪ್ಪು ಆವಕಾಯ್’, ಜಿಯೋ ಆಗಮನ
>
> 2020: ಟಿಕ್‌ಟಾಕ್ ನಿಷೇಧ, ಯೂಟ್ಯೂಬ್ ಶಾರ್ಟ್ಸ್ ಮೊದಲ ಪ್ರಯೋಗ ಭಾರತದಲ್ಲೇ
>
> 2022: ನಾಗಭೂಷಣ, ಸಂಜನಾ ಆನಂದ್ ನಟನೆಯ ‘ಹನಿಮೂನ್’

ಗಡಿ ಮನುಷ್ಯನಿಗೆ, ಮೊಬೈಲಿಗಲ್ಲ

ಪಶ್ಚಿಮ ಕರ್ನೂಲಿನ ಆದೋನಿ ಸೀಮೆಯ ನೋಡುಗ ಬೆಂಗಳೂರಿನವನಿಗಿಂತ ಒಂದು ಕೈ ಮೇಲು. ಅವನಿಗೆ ಕನ್ನಡ ಬರುತ್ತದೆ, ತೆಲುಗು ಬರುತ್ತದೆ, ಸಂತೆಯ ದಖನಿ ಉರ್ದು ಬರುವುದರಿಂದ ಹಿಂದಿಯೂ ತಿಳಿಯುತ್ತದೆ. ಮೂರು ಭಾಷೆಯ ಹಾಸ್ಯವೂ ಅವನಿಗೆ ಪುಕ್ಕಟೆ.

ಇದರ ಹಿಂದೆ ಇತಿಹಾಸವಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಯಿತು. ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆದೋನಿ, ಆಲೂರು ಕರ್ನೂಲು ಜಿಲ್ಲೆ ಸೇರಿದವು. ಅವುಗಳ ನೆರೆಯಲ್ಲೇ ಇರುವ ದೇವನಕೊಂಡದವರಿಗೆ ಹತ್ತಿ ಮಾರಲು ಆದೋನಿ ಬೇಕು, ಟೊಮೆಟೊ ಮಾರಲು ಪತ್ತಿಕೊಂಡ ಬೇಕು, ಬೀಗತನಕ್ಕೆ ಎರಡೂ ರಾಜ್ಯ ಬೇಕು.

ಹೊಳಗುಂದ, ಹಾಲಹರ್ವಿ, ಕೌತಾಳ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಮನೆಮಾತಾಗಿ ಕನ್ನಡ ಇಂದಿಗೂ ಉಂಟು, ಕನ್ನಡ ಶಾಲೆಗಳೂ ಉಂಟು. ಮಂತ್ರಾಲಯದ ರಾಯರಂತೂ ಎರಡೂ ಕಡೆಯವರಿಗೆ ಸೇರಿದವರು. ನಕ್ಷೆಯಲ್ಲಿ ಗೆರೆ ಎಳೆದರೂ ಮದುವೆ ಮಾತುಕತೆ ಗೆರೆ ದಾಟುತ್ತಲೇ ಇತ್ತು. ಈಗ ಯೂಟ್ಯೂಬೂ ದಾಟುತ್ತಿದೆ. ತೆಲುಗಿನ ‘ಸಾಫ್ಟ್‌ವೇರ್ ಡೆವ್‌ಲವ್ಪರ್’ ಮುಗಿದ ಕೂಡಲೇ ಮಲ್ಲು ಜಮಖಂಡಿಯ ಉತ್ತರ ಕರ್ನಾಟಕದ ಕಾಮಿಡಿ ಬಂದರೆ ಇಲ್ಲಿ ಯಾರಿಗೂ ಅಚ್ಚರಿಯಿಲ್ಲ.

ಮಾರುಕಟ್ಟೆಯೂ ಇದನ್ನು ಅರಿತಿದೆ. ಬೆಂಗಳೂರಿನ ಐಲ್ ಎಂಬ ಡೇಟಿಂಗ್ ಕಂಪನಿ ತೆಲುಗರಿಗೆ ‘ನೀತೋ’ ಎಂಬ ಆ್ಯಪ್ ತಂದಿತು, ಕನ್ನಡಿಗರಿಗೆ ‘ನೀನೇ’. ಎರಡು ಭಾಷೆ ಆಡುವ ಆದೋನಿಯ ಹುಡುಗ ಯಾವುದಕ್ಕೆ ಸೇರಬೇಕು? ಎರಡಕ್ಕೂ ಸೇರಿದರೆ ಎರಡರಲ್ಲೂ ಅದೇ ಅತ್ತೆ ಮಗಳು ಸಿಕ್ಕರೆ? ಇದೊಂದೇ ಸಾಕು ಆರು ಕಂತಿನ ಸರಣಿಗೆ.

ಬಂಡವಾಳವಿಲ್ಲದ ಬಡಾಯಿ

ಕೈಲಾಸಂ ತಮ್ಮ ನಾಟಕಕ್ಕೆ ‘ಬಂಡ್ವಾಳ್ವಿಲ್ಲದ್ ಬಡಾಯಿ’ ಎಂದು ಹೆಸರಿಟ್ಟಾಗ ವೆಬ್ ಸರಣಿಯ ಕನಸು ಕಂಡಿರಲಾರರು. ಆದರೆ ಈ ಕಸುಬಿಗೆ ಅದಕ್ಕಿಂತ ಒಪ್ಪುವ ಹೆಸರಿಲ್ಲ.

ಪ್ರೇಮದ ಅಣಕವೇ ಕಡಿಮೆ ಖರ್ಚಿನವರ ಕೈಗೆ ಮೊದಲು ಸಿಕ್ಕಿತೇಕೆ? ಯುದ್ಧದ ಕಥೆಗೆ ಸೈನ್ಯ ಬೇಕು, ಕೊಲೆ ಕಥೆಗೆ ಪೊಲೀಸ್ ಜೀಪಾದರೂ ಬೇಕು. ಡೇಟಿಂಗ್‌ಗೆ ಬೇಕಾದದ್ದು ಒಂದು ಮೇಜು, ಎರಡು ಕುರ್ಚಿ, ಇಬ್ಬರು ಮನುಷ್ಯರು. ಉಳಿದದ್ದೆಲ್ಲ ಬರೇ ಮಾತು. ಮಾತಿಗೆ ಕಾಸು ಬೀಳುವುದಿಲ್ಲ.

ಒಂದು ದೃಶ್ಯ ತೆಗೆಯುವುದನ್ನು ಹತ್ತಿರದಿಂದ ನೋಡಿ. ಗೆಳೆಯನ ಅಣ್ಣ ಬಾಡಿಗೆಗಿರುವ ಒಂದು ಕೋಣೆಯ ಮನೆ. ಗೋಡೆಗೆ ಸೀರೆ ಕಟ್ಟಿದರೆ ಕೆಫೆ. ಸೀರೆ ಬಿಚ್ಚಿದರೆ ಹುಡುಗಿಯ ಮನೆ. ಕ್ಯಾಮೆರಾ ಎಂದರೆ ಮೊಬೈಲು. ಫ್ಯಾನ್ ಹಾಕುವಂತಿಲ್ಲ, ಮೈಕಿಗೆ ಗಾಳಿಯ ಸದ್ದು ಬೀಳುತ್ತದೆ. ಬೇಸಿಗೆಯಲ್ಲಿ ಬೆವರು ಒರೆಸಿಕೊಂಡೇ ‘ಐ ಲವ್ ಯೂ’ ಹೇಳಬೇಕು. ಅರ್ಧಕ್ಕೆ ಬೀದಿಯಲ್ಲಿ ತರಕಾರಿ ಗಾಡಿಯ ಮೈಕು ಕೂಗಿದರೆ ಪ್ರೇಮ ನಿವೇದನೆ ಮತ್ತೆ ಮೊದಲಿಂದ.

ಈ ಕಸುಬಿನಲ್ಲಿ ಪಳಗಿದವರಿಗೆ ಗೊತ್ತಿರುವ ಗುಟ್ಟು ಒಂದಿದೆ. ಚಿತ್ರ ಸ್ವಲ್ಪ ಮಂಜಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಮರುಕ್ಷಣ ಮುಂದಿನ ವಿಡಿಯೊಕ್ಕೆ ಜಿಗಿಯುತ್ತಾರೆ. ಹಾಗಾಗಿ ಇದ್ದ ಚೂರು ದುಡ್ಡು ಮೊದಲು ಹೋಗುವುದು ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕಿಗೆ.

ನಟರು ಸಾಲದಿದ್ದರೆ ಅದಕ್ಕೂ ದಾರಿಯಿದೆ. 2020ರ ಲಾಕ್‌ಡೌನ್‌ನಲ್ಲಿ ದಾನಿಶ್ ಸೇಠ್ ಮನೆಯಲ್ಲಿ ಕೂತು, ಒಬ್ಬರೇ ನಾಲ್ಕಾರು ಜನರಾಗಿ ಮಾತಾಡಿ ಬೆಂಗಳೂರನ್ನು ನಗಿಸಿದರು. ಮರುವರ್ಷ ಬಂದ ‘ಇಕ್ಕಟ್’ ಸಿನಿಮಾ ಆ ಬಿಗಿಯನ್ನೇ ಕಥೆ ಮಾಡಿಕೊಂಡಿತು. ವಿಚ್ಛೇದನಕ್ಕೆ ಹೊರಟ ಗಂಡ ಹೆಂಡತಿ ಲಾಕ್‌ಡೌನ್‌ನಿಂದ ಒಂದೇ ಮನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಪವನ್ ಕುಮಾರ್ ನಿರ್ಮಾಣದ, ನಾಗಭೂಷಣ ಮತ್ತು ಭೂಮಿ ಶೆಟ್ಟಿ ನಟಿಸಿದ ಈ ಚಿತ್ರದ ಹೆಚ್ಚಿನ ಭಾಗ ನಡೆಯುವುದು ಆ ಮನೆಯೊಳಗೇ.

ನಾಗಭೂಷಣ ಬಂದದ್ದೂ ಇದೇ ಹಾದಿಯಲ್ಲಿ. ಗೆಳೆಯರೊಡನೆ ಕೆಇಬಿ ಎಂದು ಯೂಟ್ಯೂಬ್ ತಂಡ ಕಟ್ಟಿದರು. ವಿದ್ಯುತ್ ಮಂಡಳಿಯಲ್ಲ, ‘ಕರ್ನಾಟಕ ಎಂಟರ್‌ಟೈನ್‌ಮೆಂಟ್ ಬೋರ್ಡ್’! ಅಲ್ಲಿಂದ ಸಿನಿಮಾ, ಅಲ್ಲಿಂದ ‘ಹನಿಮೂನ್’. ಹಿರಿಯರು ನೋಡಿ ಮಾಡಿದ ಮದುವೆಯ ಜೋಡಿ, ಪರಸ್ಪರ ಪರಿಚಯವೇ ಇಲ್ಲದೆ ಮಧುಚಂದ್ರಕ್ಕೆ ಹೊರಟರೆ ಆಗುವ ಪೇಚಾಟ ಅದರ ಸರಕು. ಮೊದಲು ಮದುವೆ, ಆಮೇಲೆ ಡೇಟಿಂಗ್. ನಮ್ಮ ಕಡೆಯ ನಿಜವಾದ ಅನುಕ್ರಮ ಅದೇ ಅಲ್ಲವೇ?

ಗಡಿಯಾಚೆಯೂ ಇದೇ ಕಥೆ. ‘ಸಾಫ್ಟ್‌ವೇರ್ ಡೆವ್‌ಲವ್ಪರ್’ನಲ್ಲಿ ಷಣ್ಮುಖ್ ಜಸ್ವಂತ್ ಎದುರು ನಟಿಸಿದ ವೈಷ್ಣವಿ ಚೈತನ್ಯ 2023ರ ‘ಬೇಬಿ’ ಚಿತ್ರದ ನಾಯಕಿಯಾದರು. ಯೂಟ್ಯೂಬ್ ಕಿರುಚಿತ್ರಗಳಲ್ಲಿ ನಗಿಸುತ್ತಿದ್ದ ಸುಹಾಸ್ ‘ಕಲರ್ ಫೋಟೋ’ದ ನಾಯಕರಾದರು, ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಾಟಕ ಕಂಪನಿಗಳು ಮುಚ್ಚಿದ ಮೇಲೆ ಬಡವರ ಮಕ್ಕಳಿಗೆ ನಟನೆ ಕಲಿಸುವ ಕಂಪನಿ ಈಗ ಇದೇ.

> ಚೌಕಟ್ಟು: ದುಡ್ಡು ಎಲ್ಲಿಂದ?
>
> ಯೂಟ್ಯೂಬಿನ ಜಾಹೀರಾತು ಹಣದಲ್ಲಿ ಪಾಲು ಬೇಕೆಂದರೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕೆಂಬ ನಿಯಮ 2018ರಲ್ಲಿ ಬಂತು.
>
> ಉದ್ದನೆಯ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ 55 ಮಾಡಿದವರಿಗೆ, ಉಳಿದದ್ದು ಯೂಟ್ಯೂಬಿಗೆ.
>
> ಬಹುತೇಕ ತಂಡಗಳ ಒಲೆ ಉರಿಯುವುದು ಇದರಿಂದಲ್ಲ, ಪ್ರಾಯೋಜಕರಿಂದ. ಪಟ್ಟಣದಲ್ಲಿ ಆ್ಯಪ್ ಕಂಪನಿ, ತಾಲ್ಲೂಕಿನಲ್ಲಿ ಬಟ್ಟೆ ಅಂಗಡಿ.

ಅಜ್ಜನ ಕಾಲದ ವೆಬ್ ಸರಣಿ

ಮದುವೆ, ಪ್ರೇಮಗಳನ್ನು ಗೇಲಿ ಮಾಡುವುದು ಮೊಬೈಲು ತಂದ ಚಟವಲ್ಲ. ಆಧುನಿಕ ಕನ್ನಡದ ಮೊದಲ ಸಾಮಾಜಿಕ ನಾಟಕ ಎನಿಸಿದ್ದೇ ಒಂದು ಮದುವೆ ಪ್ರಹಸನ. ಸೂರಿ ವೆಂಕಟರಮಣ ಶಾಸ್ತ್ರಿಗಳು ಹವ್ಯಕರ ಆಡುಮಾತಿನಲ್ಲಿ ಬರೆದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ದುಡ್ಡು ಕೊಟ್ಟು ಹೆಣ್ಣು ತರುವ ಪದ್ಧತಿಯನ್ನು ಹಿಡಿದು ಜಾಲಾಡಿತು.

ಐದೇ ವರ್ಷದಲ್ಲಿ ತೆಲುಗಿನಲ್ಲಿ ಗುರಜಾಡರ ‘ಕನ್ಯಾಶುಲ್ಕಂ’ ಆಂಧ್ರದ ವಿಜಯನಗರಂನಲ್ಲಿ ರಂಗಕ್ಕೇರಿತು. ವಿಷಯ ಅದೇ, ತೆರ ಕೊಟ್ಟು ಎಳೆಯ ಹುಡುಗಿಯನ್ನು ಮದುವೆಯಾಗುವ ಮುದುಕ. ಅದರಲ್ಲಿ ಗಿರೀಶಂ ಎಂಬ ಪಾತ್ರವಿದೆ. ನಾಲ್ಕು ಇಂಗ್ಲಿಷ್ ಮಾತು ಕಲಿತು, ಸಮಾಜ ಸುಧಾರಕನ ಸೋಗು ಹಾಕಿ, ಹೆಣ್ಣುಮಕ್ಕಳನ್ನು ಮರುಳು ಮಾಡುವ ಆಸಾಮಿ. ಇಂದು ಇದ್ದಿದ್ದರೆ ಅವನ ಡೇಟಿಂಗ್ ಪ್ರೊಫೈಲಿನಲ್ಲಿ ‘ಫೆಮಿನಿಸ್ಟ್, ಪುಸ್ತಕಪ್ರೇಮಿ, ಪ್ರವಾಸಪ್ರಿಯ’ ಎಂದಿರುತ್ತಿತ್ತು.

ಎರಡೂ ಭಾಷೆಯ ಈ ನಗೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವು ಪ್ರೀತಿಯನ್ನು ನೋಡಿ ನಗುತ್ತಿಲ್ಲ, ಪ್ರೀತಿಗೆ ಕಟ್ಟುವ ಬೆಲೆಯನ್ನು ನೋಡಿ ನಗುತ್ತವೆ. ಅಂದು ಅದು ಹೆಣ್ಣಿನ ತೆರವಾಗಿತ್ತು. ಈಗ ಸಂಬಳದ ಚೀಟಿ, ಸ್ವಂತ ಫ್ಲ್ಯಾಟು, ಎತ್ತರ, ಫೋಟೋದಲ್ಲಿ ಕಾರು. ಒಳ್ಳೆಯ ವೆಬ್ ಸರಣಿ ಕೈ ಹಾಕುವುದು ಇದೇ ಜಾಗಕ್ಕೆ.

ಕೆಟ್ಟದ್ದು ಹಾಕುವುದಿಲ್ಲ. ಅದರಲ್ಲಿ ಹುಡುಗಿ ಎಂದರೆ ಸದಾ ಬಿಲ್ಲು ಕೊಡಿಸುವವಳು, ಹುಡುಗ ಎಂದರೆ ಸದಾ ಮೋಸ ಹೋದ ಪಾಪದವನು. ನೋಡುವವರಲ್ಲಿ ಹುಡುಗರೇ ಹೆಚ್ಚೆಂಬ ಲೆಕ್ಕದಲ್ಲಿ ಬರೆದ ಈ ಜೋಕುಗಳಿಗೆ ಬೇಗ ವಯಸ್ಸಾಗುತ್ತದೆ.

ಇನ್ನೊಂದು ಹಳೆ ಚಾಳಿಯೂ ತಿರುಗಿ ಬಂದಿದೆ. ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ಬರಲು ಮನೆಯವರು ಒಪ್ಪದ ಊರುಗಳಲ್ಲಿ ಹುಡುಗನೇ ತಲೆಗೆ ಟವೆಲ್ ಹೊದ್ದು ನಾಯಕಿಯಾಗುತ್ತಾನೆ. ಕಂಪನಿ ನಾಟಕದ ಸ್ತ್ರೀಪಾರ್ಟು ಮೊಬೈಲಿಗೆ ಬಂದ ಹಾಗಾಯಿತು. ಪಕ್ಕದ ಬಳ್ಳಾರಿಯಲ್ಲಿ ಬಳ್ಳಾರಿ ರಾಘವ (1880–1946) ವಕೀಲಿಕೆಯ ಜತೆಗೇ ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿ, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಪಟ್ಟು ಹಿಡಿದಿದ್ದರು. ಆ ಮಾತು ಇದೇ ಸೀಮೆಯ ಮೊಬೈಲ್ ನಾಟಕಗಳಿಗೆ ಇನ್ನೂ ತಲುಪಬೇಕಿದೆ.

ಟವೆಲ್ ಹೊದ್ದ ಮಾತ್ರಕ್ಕೆ ನಗೆ ಕೀಳೆಂದೇನೂ ಅಲ್ಲ. ‘ವಿಕ್ಕಿಪೀಡಿಯ’ ಎಂದೇ ಹೆಸರಾದ ವಿಕಾಸ್ 2023ರಲ್ಲಿ ನಂದಿನಿ ಎಂಬ ಪಿ.ಜಿ. ಹುಡುಗಿಯ ಹಾಡು ಕಟ್ಟಿ, ಜಗತ್ಪ್ರಸಿದ್ಧ ‘ಬಾರ್ಬಿ ಗರ್ಲ್’ ಹಾಡಿನ ಧಾಟಿಗೆ ಅದನ್ನು ಕೂರಿಸಿದರು. ಕೆಲಸಕ್ಕೆಂದು ಊರು ಬಿಟ್ಟು ಬಂದು ಪಿ.ಜಿ. ಸೇರಿದ ಹುಡುಗಿಯರೇ ಅದನ್ನು ತಮ್ಮ ಹಾಡಾಗಿ ಮಾಡಿಕೊಂಡರು. ಗೇಲಿಗೆ ಒಳಗಾದವರೂ ಜತೆಗೂಡಿ ನಕ್ಕರೆ ಆ ಅಣಕ ಗೆದ್ದಂತೆ.

ಇಲ್ಲಿನ ಪ್ರೇಮಕ್ಕೆ ಬೇರೆಯೇ ಸ್ಕ್ರಿಪ್ಟು

ಪಟ್ಟಣದ ಸರಣಿ ನೋಡಿ ನಗುವ ಪಶ್ಚಿಮ ಕರ್ನೂಲಿನ ಪ್ರೇಮ ಹೇಗಿದೆ? ಮೊದಲನೆಯದಾಗಿ ಅಲ್ಲಿ ಆ್ಯಪ್‌ನ ಕೆಲಸವನ್ನು ಸೋದರತ್ತೆ ಮಾಡುತ್ತಾಳೆ. ಅತ್ತೆ ಮಗಳು, ಮಾವನ ಮಗ, ಅಕ್ಕನ ಮಗಳು ಎಂಬ ಮೂರು ಆಯ್ಕೆ ಹುಟ್ಟಿದಾಗಲೇ ತೆರೆಯ ಮೇಲಿರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕ, ಆಂಧ್ರ ಎರಡರಲ್ಲೂ ವಿವಾಹಿತ ಮಹಿಳೆಯರಲ್ಲಿ ಹೆಚ್ಚುಕಡಿಮೆ ನಾಲ್ವರಿಗೊಬ್ಬರು ನಂಟರೊಳಗೇ ಮದುವೆಯಾದವರು. ಎಡಕ್ಕೆ ತಳ್ಳಿದರೆ ಆ ಪ್ರೊಫೈಲು ಮಾಯವಾಗುವುದಿಲ್ಲ, ಮುಂದಿನ ಹಬ್ಬಕ್ಕೆ ಮನೆಗೇ ಬರುತ್ತದೆ.

ಎರಡನೆಯದು ವಲಸೆ. ಮಳೆ ಕೈಕೊಟ್ಟ ವರ್ಷ ಈ ಮಂಡಲಗಳಿಂದ ಮನೆಗೆ ಮನೆಯೇ ಸುಗ್ಗಿಗೆ, ಅಂದರೆ ದೂರದೂರಿಗೆ ಕೂಲಿಗೆ ಹೋಗುತ್ತದೆ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಮೂರು ವರ್ಷ ದೂರದಲ್ಲಿದ್ದ ಮಿಕೇಶನ ವಿರಹ ದೊಡ್ಡ ಕಥೆಯಾಯಿತು. ತಿಂಗಳುಗಟ್ಟಲೆ ಮೆಣಸಿನ ಹೊಲಕ್ಕೆ ಹೋಗುವ ಹುಡುಗಿಗಾಗಿ ಕಾಯುವ ಕೋಸಿಗಿಯ ಹುಡುಗನ ಬಗ್ಗೆ ಯಾರು ಸರಣಿ ಮಾಡಿದ್ದಾರೆ?

ಮೂರನೆಯದು, ದೇವರ ಮದುವೆಗೂ ಇಲ್ಲಿ ಬಡಿಗೆ ಬೇಕು. ವಿಜಯದಶಮಿಯ ನಡುರಾತ್ರಿ ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಕಲ್ಯಾಣ ಮುಗಿಯುತ್ತಿದ್ದಂತೆ, ಉತ್ಸವಮೂರ್ತಿ ನಮಗೆ ಸೇರಬೇಕೆಂದು ಸುತ್ತಲಿನ ಹಳ್ಳಿಯವರು ದೊಣ್ಣೆ ಹಿಡಿದು ಕಾದಾಡುತ್ತಾರೆ. ತಲೆ ಒಡೆಯುವುದೂ ಉಂಟು. ಪೊಲೀಸರು ಪ್ರತಿ ವರ್ಷ ಬೇಡವೆನ್ನುತ್ತಾರೆ, ಜನ ಪ್ರತಿ ವರ್ಷ ಬರುತ್ತಾರೆ. ದೇವರ ಮದುವೆಯೇ ಹೀಗಿದ್ದರೆ ಜಾತಿ ಮೀರಿ ಪ್ರೀತಿಸಿದ ನರಮನುಷ್ಯರ ಪಾಡೇನು!

ನಾಲ್ಕನೆಯದು ಹೆಣ್ಣು ಸಿಗದ ಸಂಕಟ. ಕೃಷಿ ಮಾಡುವ ಹುಡುಗನಿಗೆ ಹೆಣ್ಣು ಕೊಡಲು ಎಲ್ಲೆಡೆ ಹಿಂಜರಿಕೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ವಧು ಸಿಗಲೆಂದು ಮಲೆಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಎರಡೇ ತಿಂಗಳಲ್ಲಿ, ವಿಧಾನಸಭೆ ಚುನಾವಣೆಯ ಪ್ರಚಾರದಲ್ಲಿ, ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಎಚ್.ಡಿ. ಕುಮಾರಸ್ವಾಮಿ ಭರವಸೆ ಕೊಟ್ಟರು. ಇಗ್ಗಪ್ಪ ಹೆಗಡೆ ಕೊಟ್ಟ ತೆರ ಸರಕಾರಿ ಯೋಜನೆಯಾಗಿ ಮರಳುವುದರಲ್ಲಿತ್ತು!

ಇಷ್ಟು ಸರಕು ಎದುರಿಗಿರುವಾಗ ಕೆಫೆಯ ಬಿಲ್ಲಿನ ಮೇಲೆ ಜೋಕು ಕಟ್ಟುವ ಅಗತ್ಯವೇ ಇಲ್ಲ.

ಮುಂದಿನ ಕಂತು ಯಾರದ್ದು?

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಹಳ್ಳಿಯ ಕಲಾವಿದರ ಕಥೆ ಮುಗಿಯಿತು ಎಂದವರಿದ್ದರು. ಮುಗಿಯಲಿಲ್ಲ. ಸೆಪ್ಟೆಂಬರಿನಲ್ಲೇ ಶಾರ್ಟ್ಸ್ ಬಂತು. ಮಲ್ಲು ಜಮಖಂಡಿ, ಶಿವಪುತ್ರ ಯಶಾರಧಾ ಅವರಂಥವರು ಉತ್ತರ ಕರ್ನಾಟಕದ ಗಂಡುಮಾತಿನಲ್ಲೇ ಕನ್ಯಾ ನೋಡುವ ಶಾಸ್ತ್ರ, ಗಂಡ ಹೆಂಡಿರ ಜಗಳಗಳನ್ನು ಆಡಿ ಲಕ್ಷಗಟ್ಟಲೆ ಜನರನ್ನು ಗಳಿಸಿದರು. ಕೆಫೆ ಇಲ್ಲದೆ, ಇಂಗ್ಲಿಷ್ ಇಲ್ಲದೆ, ಹೊಲದ ಬದುವಿನ ಮೇಲೆ ನಿಂತು. ಬೆಂಗಳೂರಿನ ಮಾತೇ ಹಾಸ್ಯದ ಮಾತು ಎಂಬ ಭ್ರಮೆ ಅಲ್ಲಿಗೆ ಒಡೆಯಿತು.

ಆದೋನಿ ಸೀಮೆಗೆ ಇದಕ್ಕಿಂತ ಹೆಚ್ಚಿನ ಅನುಕೂಲವಿದೆ. ಇಲ್ಲಿನ ಕನ್ನಡದಲ್ಲಿ ತೆಲುಗು ಸೇರಿದೆ, ತೆಲುಗಿನಲ್ಲಿ ಕನ್ನಡ ಸೇರಿದೆ. ಒಂದೇ ಸಂಭಾಷಣೆ ಎರಡು ರಾಜ್ಯವನ್ನು ನಗಿಸಬಲ್ಲದು. ಸರಹದ್ದಿನಾಚೆಯ ಹೆಣ್ಣು ನೋಡಲು ಹೋದ ವರನಿಗೆ ಮಾವನ ತೆಲುಗು ಅರ್ಧ ಅರ್ಥವಾಗಿ, ಕೇಳಿದ ಪ್ರಶ್ನೆಗೆಲ್ಲ ‘ಹೂಂ’ ಎಂದು, ಕೊನೆಗೆ ಎರಡೆಕರೆ ಬರೆದುಕೊಡಲು ಒಪ್ಪಿಬಿಟ್ಟನೆಂದು ತಿಳಿದುಕೊಳ್ಳಿ. ಮೈಕು ಕಡ ತರುವ ಖರ್ಚು ಬಿಟ್ಟರೆ ಈ ಕಂತಿಗೆ ಇನ್ನೇನು ಬೇಕು?

ಬೇಕಾದದ್ದು ಒಂದೇ, ಎದೆಗಾರಿಕೆ. ಪಟ್ಟಣದ ಪ್ರೇಮಿಗಳನ್ನು ನೋಡಿ ನಗಲು ಹಳ್ಳಿಯ ಹುಡುಗ ಏನನ್ನೂ ಪಣಕ್ಕಿಡಬೇಕಿಲ್ಲ. ಅವರು ಅವನ ನಂಟರಲ್ಲ, ಅವರ ಕಾಯಿದೆಗಳು ಅವನ ಮನೆಯವಲ್ಲ. ತನ್ನದೇ ಓಣಿಯ ವರದಕ್ಷಿಣೆ ಚೌಕಾಸಿ, ಜಾತಿಯ ಗೋಡೆ, ಹುಡುಗಿಯ ಅಭಿಪ್ರಾಯ ಕೇಳದೆ ಮುಗಿಯುವ ನಿಶ್ಚಿತಾರ್ಥಗಳ ಕಡೆ ಮೊಬೈಲು ತಿರುಗಿಸಿದರೆ ಮಾತು ಬೇರೆ. ಶಾಸ್ತ್ರಿಗಳೂ ಗುರಜಾಡರೂ ಅಂದು ಮಾಡಿದ್ದು ಅದನ್ನೇ. ಬೇರೆಯವರ ಮದುವೆಯನ್ನಲ್ಲ, ತಮ್ಮವರ ಮದುವೆಯನ್ನು ನೋಡಿ ನಕ್ಕರು.

ಡೇಟಿಂಗ್ ಈ ಊರುಗಳಿಗೆ ಬರುತ್ತದೋ ಬಿಡುತ್ತದೋ, ಅದರ ಅಣಕದಿಂದ ಕಸುಬಂತೂ ಕೈಗೆ ಬಂದಿದೆ. ಇನ್ನು ಮನೆಯ ವಿಷಯಕ್ಕೆ ಕೈ ಹಾಕಿದರಾಯಿತು. ಮೊದಲ ಕಂತು ಹಾಕಿದ ಹತ್ತೇ ನಿಮಿಷಕ್ಕೆ ಫೋನು ಬರುತ್ತದೆ. ಅಭಿಮಾನಿಯದ್ದಲ್ಲ, ದೊಡ್ಡಪ್ಪನದ್ದು. ಎರಡನೆಯ ಕಂತಿಗೆ ಕಥೆ ಅಲ್ಲೇ ಸಿಕ್ಕಿತಲ್ಲ!